ನರಿ ಕೂಗು ನಿಂತಿತು, ನವಿಲು ತುಂಬಿತು: ಒಂದಕ್ಕೊಂದು ಸಂಬಂಧ ಉಂಟಾ?

ಕಂಗಿನಬುಡ (ಬದಿಯಡ್ಕದ ಹತ್ತಿರ)

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ಬೇಸರ ಮಾಡಬೇಡಿ.

ನಾನು ಶಾಲೆಗೆ ಹೋಗುವಾಗ, ಅಂದರೆ ಸುಮಾರು ಮೂವತ್ತೈದು ವರ್ಷದ ಹಿಂದೆ, ಮನೆ ಹಿಂದಿನ ಪದವಿನಲ್ಲಿ (ಬಯಲು ಗುಡ್ಡೆಯಲ್ಲಿ) ಮುಸ್ಸಂಜೆ ಆಗುತ್ತಿದ್ದ ಹಾಗೆ ನರಿ ಕೂಗಲು ಶುರು. ಒಂದು ಕೂಗಿದರೆ ಸಾಕು, ಆಚೆ ಗುಡ್ಡೆಯದ್ದು ಉತ್ತರ ಕೊಡುತ್ತಿತ್ತು, ಅದಕ್ಕೆ ಮತ್ತೊಂದು, ಹಾಗೆ ಹೊಳೆಯ ಆಚೆ ದಡದವರೆಗೆ ಸುದ್ದಿ ಹೋಗುತ್ತಿತ್ತು. ಅಜ್ಜಿ ಕೋಳಿಗೂಡಿನ ಚಿಲಕ ಎರಡೆರಡು ಸಲ ನೋಡದೆ ಮಲಗುತ್ತಿರಲಿಲ್ಲ. ಈಗ ನರಿ ಕೂಗು ವರ್ಷಕ್ಕೆ ಮೂರೋ ನಾಲ್ಕೋ ಸಲ. ನವಿಲು ಮಾತ್ರ ಬೇಕಾದಷ್ಟು. ಆಗೆಲ್ಲ ನವಿಲು ನೋಡಬೇಕಾದರೆ ಕ್ಯಾಲೆಂಡರಿನಲ್ಲಿ ಸುಬ್ರಹ್ಮಣ್ಯ ದೇವರ ಪಕ್ಕದಲ್ಲಿ ನೋಡಬೇಕಿತ್ತು. ಈಗ ಅಂಗಳದಲ್ಲಿ ಅಡಿಕೆ ಒಣಹಾಕಿದ ಕಡೆ ನಾಲ್ಕು ಹೆಣ್ಣು, ಒಂದು ಗಂಡು ದಿನಾ ಪೆರೇಡ್ ಮಾಡುತ್ತವೆ. ಮೊನ್ನೆ ಅಲಸಂಡೆ ಬೀಜ ಹಾಕಿದ್ದೆ. ಎರಡೆಲೆ ಬಿಟ್ಟದ್ದೇ ತಡ, ಒಂದೇ ಬೆಳಗ್ಗೆ ಸಾಲಿಗೆ ಸಾಲೇ ಸಾಫ್.

ಹಂದಿ ಕಥೆ ಬೇರೆ ಹೇಳಬೇಕಾ? ಕೆಸು ಹೋಯಿತು, ಸುವರ್ಣಗಡ್ಡೆ ಹೋಯಿತು, ಈಗ ಕಂಗಿನ (ಅಡಿಕೆಯ) ಸಸಿಯ ಬುಡವನ್ನೇ ಮಗುಚಿ ಹಾಕುತ್ತವೆ.

ನೆರೆಮನೆಯ ಅಣ್ಣನದ್ದು ಒಂದು ಸಿದ್ಧಾಂತ ಉಂಟು. ನರಿ ಇಲ್ಲ, ಹಾಗಾಗಿ ನವಿಲಿನ ಮೊಟ್ಟೆ ತಿನ್ನುವವರಿಲ್ಲ. ಹುಲಿ, ಚಿರತೆ ಇಲ್ಲ, ಹಾಗಾಗಿ ಹಂದಿ. ಕಪ್ಪೆ ಇಲ್ಲ, ಹಾಗಾಗಿ ಸೊಳ್ಳೆ, ಡೆಂಗ್ಯೂ. ಎಲ್ಲದಕ್ಕೂ ಒಂದೇ ಅಳತೆಕೋಲು. ಕೇಳುವಾಗ ಹೌದು ಅನಿಸುತ್ತದೆ, ಮನೆಗೆ ಬಂದ ಮೇಲೆ ಅಷ್ಟು ಸುಲಭವಾ ಅನಿಸುತ್ತದೆ. ಒಂದು ಪ್ರಾಣಿ ಹೋದರೆ ಅದು ತಿನ್ನುತ್ತಿದ್ದ ಪ್ರಾಣಿ ತನ್ನಷ್ಟಕ್ಕೆ ಹೆಚ್ಚುತ್ತದಾ? ಹೆಚ್ಚಾದರೆ ಎಲ್ಲಿಯವರೆಗೆ?

ಇನ್ನೊಂದು ವಿಷಯ. ತೆಂಗಿಗೆ ಬಿಳಿ ನೊಣ ಬಂದು ಮಡಲೆಲ್ಲ ಮಸಿ ಬಳಿದ ಹಾಗೆ ಕಪ್ಪಾಗಿದೆ. ಅಂಗಡಿಯಲ್ಲಿ ಒಬ್ಬರು ಹೇಳಿದರೆಂದು ಎರಡು ಸಲ ಮದ್ದು ಬಿಡಿಸಿದೆ, ಮರ ಹತ್ತುವವನ ಸಂಬಳವೇ ದೊಡ್ಡ ಮೊತ್ತ ಆಯಿತು. ಎರಡು ವಾರ ಒಳ್ಳೆಯದಿತ್ತು. ಮತ್ತೆ ಬಂತು ನೋಡಿ, ಮೊದಲಿನ ಎರಡರಷ್ಟು. ಮದ್ದು ಬಿಡದ ನೆರೆಮನೆ ಅಣ್ಣನ ತೋಟ ನನ್ನದಕ್ಕಿಂತ ಚೆನ್ನಾಗಿದೆ. ಈ ಹೊಟ್ಟೆಕಿಚ್ಚಿನಲ್ಲೇ ಈ ಪೋಸ್ಟ್ ಹಾಕಿದ್ದು ಎಂದು ಬೇಕಾದರೆ ತಿಳಿದುಕೊಳ್ಳಿ.

ಗುಡ್ಡೆಮನೆ

ನವಿಲನ್ನು ನೋಡಲು ದುಡ್ಡು ಕೊಟ್ಟು ಬೇರೆ ಊರಿಗೆ ಹೋಗುತ್ತಾರೆ ಮಾರಾಯ್ರೇ, ನಿಮಗೆ ಅಂಗಳಕ್ಕೇ ಬಂದಿದೆ, ಅಲಸಂಡೆ ಹೋದರೆ ಹೋಗಲಿ. ತಮಾಷೆಗೆ ಹೇಳಿದ್ದು. ನಮ್ಮಲ್ಲಿ ಬೆಂಡೆಯೂ ಹೋಯಿತು.

ಲೆಕ್ಕದಮಾಷ್ಟ್ರು

ಹೆಚ್ಚಾದರೆ ಎಲ್ಲಿಯವರೆಗೆ ಎಂಬ ನಿಮ್ಮ ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ನೂರು ವರ್ಷದ ಹಿಂದೆಯೇ ಲೆಕ್ಕದಲ್ಲಿ ಉತ್ತರ ಸಿಕ್ಕಿದೆ. ನಾನು ಗಣಿತ ಕಲಿಸಿ ನಿವೃತ್ತನಾದವನು, ಇದು ನನಗೆ ಬಹಳ ಇಷ್ಟದ ಕಥೆ.

ಇಟಲಿಯ ಪೂರ್ವಕ್ಕೆ ಏಡ್ರಿಯಾಟಿಕ್ ಸಮುದ್ರ ಉಂಟು. ಅದರ ದಡದ ಮೀನು ಮಾರುಕಟ್ಟೆಗಳ ಲೆಕ್ಕದ ಪುಸ್ತಕ ಹಿಡಿದುಕೊಂಡು ಉಂಬರ್ಟೋ ಡಾಂಕೋನಾ ಎಂಬ ಪ್ರಾಣಿಶಾಸ್ತ್ರಜ್ಞ ಕೂತಿದ್ದ. ಫಿಯೂಮೆ ಎಂಬ ಬಂದರಿನ ಲೆಕ್ಕ ನೋಡಿ. ಈಗ ಅದು ಕ್ರೊಯೇಷಿಯಾದ ರಿಯೆಕಾ. 1914ರಲ್ಲಿ ಬಲೆಗೆ ಬಿದ್ದ ಮೀನಿನಲ್ಲಿ ತಾಟೆ (ಶಾರ್ಕ್), ತೊರಕೆಯಂಥ, ಬೇರೆ ಮೀನು ಹಿಡಿದು ತಿನ್ನುವ ಬೇಟೆ ಮೀನು ನೂರಕ್ಕೆ 12 ಇತ್ತು. 1918ಕ್ಕೆ ಅದು 36 ಆಯಿತು. 1923ಕ್ಕೆ ಮತ್ತೆ 11ಕ್ಕೆ ಇಳಿಯಿತು. ನಡುವೆ ಆದದ್ದೇನು? ಮೊದಲ ಮಹಾಯುದ್ಧ. ದೋಣಿಗಳು ಕಡಲಿಗೆ ಇಳಿಯುವುದು ಕಮ್ಮಿಯಾಯಿತು. ಮೀನುಗಾರಿಕೆ ನಿಂತರೆ ಎಲ್ಲ ಮೀನೂ ಹೆಚ್ಚಬೇಕಲ್ವಾ, ಬೇಟೆ ಮೀನಿಗೆ ಮಾತ್ರ ಯಾಕೆ ಇಷ್ಟು ಲಾಭ? ಡಾಂಕೋನಾ ಈ ಪ್ರಶ್ನೆಯನ್ನು ತನ್ನ ಮಾವನಾಗಲಿದ್ದವರ ಮುಂದಿಟ್ಟ. ಅವರು ವಿಟೊ ವೋಲ್ಟೆರಾ, ದೊಡ್ಡ ಗಣಿತಜ್ಞ. ಮಗಳ ಕೈ ಕೇಳಲು ಬಂದವನು ಮೀನಿನ ಲೆಕ್ಕ ಕೇಳಿದ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ, ಕೊನೆ ಬೆಂಚೂ ನಗುತ್ತಿತ್ತು. 1926ರಲ್ಲಿ ವೋಲ್ಟೆರಾ ಉತ್ತರ ಪ್ರಕಟಿಸಿದರು. ಅಮೆರಿಕದ ಆಲ್ಫ್ರೆಡ್ ಲೋಟ್ಕಾ 1925ರಲ್ಲಿ ಬೇರೆ ದಾರಿಯಿಂದ ಅದೇ ಸಮೀಕರಣಕ್ಕೆ ಬಂದಿದ್ದರು.

ಸಮೀಕರಣ ಇಲ್ಲಿ ಬರೆಯುವುದಿಲ್ಲ, ಬೈಯಬಹುದು. ಇಲಿ ಮತ್ತು ಕೇರೆ ಹಾವು ಎಂದು ಇಟ್ಟುಕೊಳ್ಳಿ. ಇಲಿ ಜಾಸ್ತಿಯಾದರೆ ಕೇರೆಗೆ ಹೊಟ್ಟೆ ತುಂಬುತ್ತದೆ, ಮರಿ ಉಳಿಯುತ್ತದೆ. ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಕೇರೆ ಹೆಚ್ಚಾಗುವ ಹೊತ್ತಿಗೆ ಇಲಿ ಇನ್ನೂ ಹೆಚ್ಚಾಗಿರುತ್ತದೆ. ಆಮೇಲೆ ಇಲಿ ಇಳಿಯುತ್ತದೆ, ಕೇರೆ ಇನ್ನೂ ತುಂಬಾ ಇರುತ್ತದೆ, ಹೊಟ್ಟೆಗಿಲ್ಲದೆ ಅದೂ ಇಳಿಯುತ್ತದೆ. ತಿನ್ನುವವನು ಯಾವತ್ತೂ ತಿನ್ನಿಸಿಕೊಳ್ಳುವವನಿಗಿಂತ ಒಂದು ಹೆಜ್ಜೆ ಹಿಂದೆ.

ಈಗ ನಿಮ್ಮ ಮದ್ದಿಗೆ ಬರುತ್ತೇನೆ. ಎರಡನ್ನೂ ಒಂದೇ ಸಮ ಕೊಂದರೆ ಏನಾಗುತ್ತದೆ? ಇಲಿಗೆ ಮರಿ ಬೇಗ ಬೇಗ ಆಗುತ್ತದೆ, ನಷ್ಟ ತುಂಬಿಕೊಳ್ಳುತ್ತದೆ. ಕೇರೆಗೆ ಎರಡು ಕಡೆಯಿಂದ ಪೆಟ್ಟು. ತಾನೂ ಸತ್ತಿತು, ಊಟವೂ ಕಮ್ಮಿಯಾಯಿತು. ಲೆಕ್ಕ ಮಾಡಿದರೆ ಸರಾಸರಿಯಲ್ಲಿ ಇಲಿ ಮೊದಲಿಗಿಂತ ಜಾಸ್ತಿ, ಕೇರೆ ಮೊದಲಿಗಿಂತ ಕಮ್ಮಿ ಬರುತ್ತದೆ. ಬಲೆ ಹಾಕಿದಾಗ ಸಣ್ಣ ಮೀನಿಗೆ ಲಾಭ, ಬಲೆ ನಿಂತಾಗ ತಾಟೆಗೆ ಲಾಭ ಆದದ್ದು ಹಾಗೆ. ನೀವು ತೆಂಗಿಗೆ ಬಿಟ್ಟ ಮದ್ದು ಬಿಳಿ ನೊಣವನ್ನೂ ಕೊಂದಿತು, ಅದರ ಶತ್ರುವನ್ನೂ ಕೊಂದಿತು. ನೊಣ ಹದಿನೈದು ದಿನದಲ್ಲಿ ಎದ್ದು ನಿಂತಿತು, ಶತ್ರು ಇನ್ನೂ ಎದ್ದಿಲ್ಲ.

ನೇರಮಾತು

ಮಾಷ್ಟ್ರೇ, ಕಥೆ ಚೆಂದ ಉಂಟು. ಆದರೆ ಕಡಲಲ್ಲಿ ಎರಡೇ ಜಾತಿ ಮೀನು ಇರುವುದಿಲ್ಲ, ನಮ್ಮ ಪದವಿನಲ್ಲಿ ಎರಡೇ ಪ್ರಾಣಿ ಇರುವುದಿಲ್ಲ. ಹಾಗಾಗಿ ಬಿಳಿ ನೊಣಕ್ಕೆ ನಿಮ್ಮ ಲೆಕ್ಕ ಒಪ್ಪುತ್ತೇನೆ, ನರಿ-ನವಿಲಿಗೆ ಒಪ್ಪುವುದಿಲ್ಲ.

ಕಾರಣ ಹೇಳುತ್ತೇನೆ. ನರಿ ನವಿಲನ್ನು ನಂಬಿ ಬದುಕುವ ಪ್ರಾಣಿ ಅಲ್ಲ. ಇಲಿ, ಏಡಿ, ಹಲ್ಲಿ, ಸತ್ತ ದನ, ಬಿದ್ದ ಹಣ್ಣು, ಕೋಳಿ ಅಂಗಡಿಯ ಕರುಳು, ಸಿಕ್ಕಿದ್ದೆಲ್ಲ ಅದರ ಊಟ. ನಮ್ಮ ಗದ್ದೆ ಕಟ್ಟಪುಣಿಯಲ್ಲಿ ಬಿದ್ದ ನರಿ ಹಿಕ್ಕೆಯನ್ನು ಕೋಲಿನಿಂದ ಬಿಡಿಸಿ ನೋಡಿದ್ದೇನೆ. ಹೆಂಡತಿ ನನ್ನನ್ನು ಅಂಗಳಕ್ಕೆ ಸೇರಿಸಲಿಲ್ಲ, ಅದು ಬೇರೆ ವಿಷಯ. ಏಡಿ ಚಿಪ್ಪಿನ ಚೂರು, ಇಲಿ ಕೂದಲು, ಯಾವುದೋ ಹಣ್ಣಿನ ಬೀಜ. ಗರಿ ಒಂದೂ ಇರಲಿಲ್ಲ. ಒಂದು ದಿನದ ಹಿಕ್ಕೆ ನೋಡಿ ತೀರ್ಪು ಕೊಡಬಾರದು, ಗೊತ್ತು. ನರಿ ನೆಲದ ಮೇಲಿನ ಮೊಟ್ಟೆ ಸಿಕ್ಕಿದರೆ ಬಿಡುವುದಿಲ್ಲ ಅದೂ ನಿಜ. ಆದರೆ ಆ ಮೊಟ್ಟೆಗೆ ನಾಯಿಯೂ ಬರುತ್ತದೆ, ಮುಂಗುಸಿಯೂ ಬರುತ್ತದೆ, ಉಡವೂ ಬರುತ್ತದೆ. ನರಿ ಹೋದ ಜಾಗಕ್ಕೆ ಯಾರೂ ಬರಲಿಲ್ಲ ಅಂತ ಹೇಗೆ ಹೇಳುತ್ತೀರಿ?

ನವಿಲು ಒಣ, ಬಯಲು ಜಾಗದ ಹಕ್ಕಿ. ದಟ್ಟ ಮಳೆಕಾಡು ಅದಕ್ಕಾಗುವುದಿಲ್ಲ. ನಮ್ಮ ಕಡೆ ಗುಡ್ಡೆ ಬೋಳಾಯಿತು, ಮುರಕಲ್ಲು ತೆಗೆದ ಹೊಂಡ, ರಸ್ತೆ, ಅಲ್ಲಲ್ಲಿ ಕುರುಚಲು ಪೊದೆ. ಅದಕ್ಕೆ ಬೇಕಾದದ್ದೇ ಅದು. ಮೇಲಿಂದ ಕಾನೂನಿನ ರಕ್ಷಣೆ, ದೇವರ ವಾಹನ ಎಂಬ ಭಕ್ತಿ ಬೇರೆ. ಕಲ್ಲು ಹೊಡೆಯಲೂ ಕೈ ಬರುವುದಿಲ್ಲ ನಮಗೆ.

ಹಂದಿಗೂ ಅಷ್ಟೆ. ಹುಲಿ ಇಲ್ಲದ್ದು ಇವತ್ತು ನಿನ್ನೆಯ ಮಾತಲ್ಲ, ನಮ್ಮ ಅಜ್ಜನ ಕಾಲದಲ್ಲೂ ಈ ಬಯಲಲ್ಲಿ ಹುಲಿ ತಿರುಗುತ್ತಿರಲಿಲ್ಲ. ಆಗ ಇಲ್ಲದ ಹಂದಿ ಈಗ ಯಾಕೆ? ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದಿದೆ. ಎದೆಯೆತ್ತರ ಹುಲ್ಲು, ಹಗಲಿಡೀ ಮಲಗಲು ಜಾಗ, ರಾತ್ರಿ ಎದ್ದರೆ ಪಕ್ಕದಲ್ಲೇ ನಮ್ಮ ಗೆಣಸು. ಒಂದು ಸಲಕ್ಕೆ ನಾಲ್ಕೈದು ಮರಿ ಹಾಕುವ ಪ್ರಾಣಿಗೆ ಇಷ್ಟು ಸೌಕರ್ಯ ಕೊಟ್ಟು ಆಮೇಲೆ ಹುಲಿ ಇಲ್ಲ ಅಂತ ಅಳುವುದಾ? 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೆ ಹಂದಿ ಹೊಡೆಸುವ ಅಧಿಕಾರ ಕೊಟ್ಟಿತು. ಕೋವಿ ಇರುವವರು ಎಷ್ಟು ಮಂದಿ, ಅವರಲ್ಲಿ ರಾತ್ರಿ ನಿದ್ದೆ ಬಿಡುವವರು ಎಷ್ಟು ಮಂದಿ? ಹಂದಿಯ ಊಟ ಮತ್ತು ಹಾಸಿಗೆ ಹಾಗೇ ಇರುವವರೆಗೆ ನಾಲ್ಕು ಹೊಡೆದರೆ ಉಳಿದದ್ದಕ್ಕೆ ಊಟ ಜಾಸ್ತಿ ಸಿಗುತ್ತದೆ, ಅಷ್ಟೇ.

ಲೆಕ್ಕದಮಾಷ್ಟ್ರು

ಒಪ್ಪಿದೆ, ಅರ್ಧ ಒಪ್ಪಿದೆ. ಎರಡು ಪ್ರಾಣಿಯ ಲೆಕ್ಕ ಎಂದರೆ ಶಾಲೆಯಲ್ಲಿ ಕಲಿಸುವ ಘರ್ಷಣೆ ಇಲ್ಲದ ಇಳಿಜಾರಿನ ಹಾಗೆ, ನಿಜವಾದ ಗುಡ್ಡೆಯಲ್ಲಿ ಅದು ಸಿಗುವುದಿಲ್ಲ. ಆದರೆ ಊಟವೋ ಶತ್ರುವೋ ಎಂದು ಒಂದನ್ನೇ ಆರಿಸಬೇಕೆಂದಿಲ್ಲ. ಕೆನಡಾದ ಹಿಮದ ಮೊಲದ ಕಥೆ ಕೇಳಿ. ಅಲ್ಲಿ ಮೊಲ ಮತ್ತು ಲಿಂಕ್ಸ್ ಎಂಬ ಕಾಡುಬೆಕ್ಕು ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ತುಪ್ಪಳ ವ್ಯಾಪಾರದ ಹಳೆಯ ಲೆಕ್ಕದಲ್ಲೂ ಇದು ಕಾಣುತ್ತದೆ. ಬೆಕ್ಕು ತಿಂದು ಮೊಲ ಇಳಿಯಿತಾ, ಹುಲ್ಲು ಸಾಲದೆ ಇಳಿಯಿತಾ ಎಂದು ಚಾರ್ಲ್ಸ್ ಕ್ರೆಬ್ಸ್ ಮತ್ತವರ ಸಂಗಡಿಗರು ಯೂಕಾನ್ ಕಾಡಿನಲ್ಲಿ ಒಂದೊಂದು ಚದರ ಕಿಲೋಮೀಟರಿನ ತುಂಡು ಮಾಡಿ ನೋಡಿದರು. ಬೇಲಿ ಹಾಕಿ ನೆಲದ ಬೇಟೆ ಪ್ರಾಣಿಗಳನ್ನು ಹೊರಗಿಟ್ಟ ಕಡೆ ಮೊಲ ಎರಡು ಪಟ್ಟಾಯಿತು. ಊಟ ಹಾಕಿದ ಕಡೆ ಮೂರು ಪಟ್ಟು. ಎರಡನ್ನೂ ಮಾಡಿದ ಕಡೆ ಎಷ್ಟು ಹೇಳಿ? ಐದೂ ಅಲ್ಲ, ಆರೂ ಅಲ್ಲ. 11 ಪಟ್ಟು. 1995ರಲ್ಲಿ ಅದು ಪ್ರಕಟವಾಯಿತು, ಓದಿದ ದಿನ ನನಗೆ ಊಟ ಸೇರಲಿಲ್ಲ. ಕೂಡಿಸುವುದೂ ಸಾಲದು, ಗುಣಿಸಿದರೂ ಸಾಲದು.

ಹಾಗಾಗಿ ಹಡಿಲು ಗದ್ದೆ ಹೌದು, ಬೇಟೆ ಪ್ರಾಣಿ ಇಲ್ಲದ್ದೂ ಹೌದು. ಎರಡೂ ಒಟ್ಟಿಗೆ ಆದ ಕಡೆ ಹಂದಿಯ ಲೆಕ್ಕ ನಮ್ಮ ಕೈಮೀರಿದೆ.

ತಾಳವಾಡಿಹೈದ

ನಿಮ್ಮ ಮಾತಿನ ನಡುವೆ ಬಾಯಿ ಹಾಕುತ್ತಿದ್ದೇನೆ, ನಾನು ಈರೋಡ್ ಜಿಲ್ಲೆಯ ತಾಳವಾಡಿ ಕಡೆಯವನು. ಒಂದು ಹೋದರೆ ಇನ್ನೊಂದು ಬರುತ್ತದಾ ಅಂತ ಕೇಳಿದ್ದೀರಿ. ರಣಹದ್ದಿನ ಕಥೆಯಲ್ಲಿ ಹಾಗೇ ಆಯಿತು ನೋಡಿ ಅಣ್ಣ. ನಮ್ಮ ಕಡೆ ಮೋಯಾರ್ ಕಣಿವೆಯಲ್ಲಿ ಇನ್ನೂ ಗೂಡು ಕಟ್ಟುತ್ತವೆ, ಅದಕ್ಕೇ ಈ ವಿಷಯ ನಮಗೆ ಹತ್ತಿರ. 90ರ ದಶಕದಿಂದ ಶುರುವಾಗಿ ಹದಿನೈದು ವರ್ಷದಲ್ಲಿ ದೇಶದ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99ಕ್ಕಿಂತ ಜಾಸ್ತಿ ಹೋದವು. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಮದ್ದು, ಆ ದನ ಸತ್ತ ಮೇಲೆ ತಿಂದ ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. ಕಾರಣ ಗೊತ್ತಾದದ್ದು 2004ರಲ್ಲಿ, ದನಕ್ಕೆ ಕೊಡಬಾರದು ಅಂತ ನಿಷೇಧ ಬಂದದ್ದು 2006ರಲ್ಲಿ. ಹದ್ದು ಹೋದ ಮೇಲೆ ಆ ಹೆಣಗಳನ್ನು ತಿನ್ನಲು ಬಂದದ್ದು ನಾಯಿ. ನಾಯಿ ಹೆಚ್ಚಿತು, ಕಡಿತ ಹೆಚ್ಚಿತು.

ಗಮನಿಸಬೇಕಾದದ್ದು ಏನಂದರೆ ಇಲ್ಲಿ ಹದ್ದು ನಾಯಿಯನ್ನು ತಿನ್ನುತ್ತಿರಲಿಲ್ಲ. ಇಬ್ಬರೂ ಒಂದೇ ಎಲೆಗೆ ಕೂತವರು. ಒಬ್ಬ ಎದ್ದು ಹೋದ, ಇನ್ನೊಬ್ಬನಿಗೆ ಎರಡು ಊಟ. ನಿಮ್ಮ ನರಿಯ ವಿಷಯದಲ್ಲೂ ನವಿಲನ್ನು ಬಿಟ್ಟು ನಾಯಿ ಕಡೆ ನೋಡಿ. ನರಿ ತಿನ್ನುತ್ತಿದ್ದದ್ದನ್ನೇ ಬೀದಿ ನಾಯಿ ತಿನ್ನುತ್ತದೆ, ನರಿಯನ್ನು ಅಟ್ಟುತ್ತದೆ, ಹುಚ್ಚು, ಡಿಸ್ಟೆಂಪರ್‌ನಂಥ ರೋಗವನ್ನೂ ಅದಕ್ಕೆ ಹಚ್ಚುತ್ತದೆ.

ಬಿಳಿ ನೊಣದ ಮಾತು ಬಂದದ್ದಕ್ಕೆ, ನಮ್ಮಲ್ಲಿ ಇನ್ನೊಂದು ಕೀಟದ ವಿಷಯದಲ್ಲಿ ನಡೆದದ್ದು ಹೇಳಲೇಬೇಕು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿಗೆ ಒಂದು ಬಿಳಿ ಹಿಟ್ಟು ತಿಗಣೆ ಬಂತು. ಪಪ್ಪಾಯಿಗೆ ಮಾತ್ರ ಅಂದುಕೊಂಡರೆ ಹಿಪ್ಪುನೇರಳೆ, ಮರಗೆಣಸು, ಎಲ್ಲದಕ್ಕೂ ಹತ್ತಿತು. ನಮ್ಮಪ್ಪ ಆಗ ರೇಷ್ಮೆ ಮಾಡುತ್ತಿದ್ದರು. ಸೊಪ್ಪಿಗೆ ಮದ್ದು ಹೊಡೆಯುವ ಹಾಗಿಲ್ಲ, ಹೊಡೆದರೆ ಹುಳು ಸಾಯುತ್ತದೆ. ಹೊಡೆಯದಿದ್ದರೆ ಸೊಪ್ಪೇ ಇಲ್ಲ. 2010ರಲ್ಲಿ ಪೋರ್ಟೊರಿಕೋದಿಂದ ತರಿಸಿದ ಒಂದು ಕಣಜ ಬಿಟ್ಟರು, ಅಸೆರೋಫೇಗಸ್ ಪಪಾಯೆ ಅಂತ ಹೆಸರು. ಕಣಜ ಅಂದರೆ ಕಚ್ಚುವಂಥದ್ದಲ್ಲ, ಸಾಸಿವೆಗಿಂತ ಸಣ್ಣದು. ಕೆಲವೇ ತಿಂಗಳಲ್ಲಿ ತಿಗಣೆ ಬಿದ್ದುಹೋಯಿತು. ಪೂರ್ತಿ ಹೋಗಲಿಲ್ಲ, ಈಗಲೂ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಕಾಣುತ್ತದೆ. ಅದು ಪೂರ್ತಿ ಹೋದರೆ ಕಣಜವೂ ಹೋಗುತ್ತದೆ, ಹಾಗಾಗಿ ಅಷ್ಟು ಇರಲಿ ಅಂತ ಅಪ್ಪ ಸುಮ್ನೆ ಬಿಡುತ್ತಾರೆ.

ಗೇರುಹಿತ್ಲು (ಪೆರ್ಲ)

ತಮ್ಮ, ನಿಮ್ಮ ತೆಂಗಿನ ನೊಣದ ಹೆಸರು ರುಗೋಸ್ ಸುರುಳಿ ಬಿಳಿ ನೊಣ. ಮಧ್ಯ ಅಮೆರಿಕದ ಕಡೆಯದ್ದು, 2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡು ಕಡೆ ಮೊದಲು ಕಂಡಿತು, ಆಮೇಲೆ ಎಲ್ಲ ಕಡೆ. ನಮ್ಮ ಕಾಸರಗೋಡಿನಲ್ಲೇ ತೆಂಗು, ಅಡಿಕೆಯ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ಇಟ್ಟುಕೊಂಡು ಅಂಗಡಿಯವರನ್ನು ಕೇಳಿದಿರಲ್ಲ, ಅದಕ್ಕೆ ಒಂದು ಬೈಗುಳ. ಅವರು ಮೊದಲಿನಿಂದ ಹೇಳುತ್ತಿರುವುದು ಮದ್ದು ಬಿಡಬೇಡಿ ಎಂದೇ. ಇದರ ಹಿಂದೆಯೇ ಎನ್‌ಕಾರ್ಸಿಯಾ ಎಂಬ ಕಣಜವೂ ಬಂದಿದೆ, ಯಾರೂ ತರಿಸಿದ್ದಲ್ಲ. ಕಣ್ಣಿಗೆ ಕಾಣುವುದೇ ಕಷ್ಟ, ಒಂದು ಮಿಲಿಮೀಟರಿಗಿಂತ ಸಣ್ಣದು.

ನಾಳೆ ಬೆಳಗ್ಗೆ ಕೆಳಗಿನ ಮಡಲು ಒಂದು ಕಡಿದು ಒಂದು ಗರಿ ಮಗುಚಿ ನೋಡಿ. ಅಡಿಯಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆ, ಹತ್ತಿಯ ಹಾಗೆ ಮೇಣ. ಅದನ್ನು ಬೆರಳಲ್ಲಿ ಮೆಲ್ಲ ಒರೆಸಿದರೆ ಅಂಟಿಕೊಂಡ ಚಪ್ಪಟೆ ಮರಿಗಳು ಕಾಣುತ್ತವೆ. ಹಳದಿ ಮಿಶ್ರಿತ ಬಿಳಿ ಇದ್ದರೆ ನೊಣದ ಮರಿ ಆರೋಗ್ಯವಾಗಿದೆ ಎಂದರ್ಥ. ಕಪ್ಪಾಗಿದ್ದರೆ ಒಳಗೆ ಕಣಜದ ಮರಿ ಕೂತು ತಿನ್ನುತ್ತಿದೆ. ಖಾಲಿ ಚಿಪ್ಪು ಇದ್ದರೆ ಭೂತಗನ್ನಡಿಯಲ್ಲಿ ನೋಡಿ. ಟಿ ಆಕಾರದಲ್ಲಿ ಬಿರಿದಿದ್ದರೆ ಹೊರಗೆ ಬಂದದ್ದು ನೊಣ, ಸೂಜಿಯಲ್ಲಿ ಚುಚ್ಚಿದ ಹಾಗೆ ಉರುಟು ತೂತು ಇದ್ದರೆ ಹೊರಗೆ ಬಂದದ್ದು ಕಣಜ. ಇಷ್ಟು ಲೆಕ್ಕ ಮಾಡಿದರೆ ನಿಮ್ಮ ತೋಟದಲ್ಲಿ ಯಾರು ಗೆಲ್ಲುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಮಾಷ್ಟ್ರ ಮೀನು ಮಾರುಕಟ್ಟೆಗಿಂತ ಇದು ಹತ್ತಿರ.

ಆ ಕಪ್ಪು ಮಸಿ ನೊಣ ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆಯುವ ಬೂಷ್ಟು. ಗಂಜಿ ತಿಳಿಯನ್ನು ತೆಳು ಮಾಡಿ ಗಿಡ್ಡ ಮರಗಳಿಗೆ ಬಿಟ್ಟರೆ ಒಣಗಿ ಸಿಪ್ಪೆಯ ಹಾಗೆ ಏಳುತ್ತದೆ. ಸಿಪಿಸಿಆರ್‌ಐಯವರು ಹೇಳುವುದು ನೂರಕ್ಕೆ ಒಂದು ಪಾಲು ಗಂಜಿ ಹುಡಿ. ಆ ಬೂಷ್ಟನ್ನೇ ತಿನ್ನುವ ಒಂದು ಸಣ್ಣ ದುಂಬಿಯೂ ಉಂಟು, ಲಿಯೋಕ್ರೈನಸ್ ನೀಲಗಿರಿಯಾನಸ್ ಎಂದು ಹೆಸರು, ನಮ್ಮ ನೀಲಗಿರಿಯ ಹೆಸರು ಹೊತ್ತದ್ದು. ನೊಣ ಹೊರಗಿನದ್ದು, ದುಂಬಿ ನಮ್ಮದೇ, ಊಟ ಬಂದದ್ದು ನೋಡಿ ತೆಂಗಿಗೆ ಬಂತು.

ಇನ್ನು ಮದ್ದಿನ ವಿಷಯ. ನಮ್ಮ ಕಡೆಯವರಿಗೆ ಅದು ಬರೀ ಲೆಕ್ಕದ ಮಾತಲ್ಲ. ಗೇರಿನ ಟೀ ಸೊಳ್ಳೆಗೆಂದು (ಹೆಸರು ಸೊಳ್ಳೆ, ನಿಜಕ್ಕೆ ಚಿಗುರಿನ ರಸ ಹೀರುವ ತಿಗಣೆ) 70ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮನುಷ್ಯರಿಗೆ ಆದದ್ದು ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಎಳೆಯುವುದಿಲ್ಲ. ನನ್ನ ತಂದೆಯ ಜೇನು ಪೆಟ್ಟಿಗೆ ಹನ್ನೊಂದು ಇದ್ದದ್ದು ಖಾಲಿಯಾದದ್ದು ಮಾತ್ರ ಹೇಳುತ್ತೇನೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ನಿಲ್ಲಿಸಿತು.

ಈಗ ನಮ್ಮ ಹಿತ್ತಲಿನ ಗೇರಿಗೆ ಕಾವಲು ಕೆಂಜಿರುವೆ. ಎಲೆ ಹೊಲಿದು ಗೂಡು ಕಟ್ಟುತ್ತದಲ್ಲ, ಅದು. ಮಲಯಾಳದಲ್ಲಿ ಅದಕ್ಕೆ ನೀರ್ ಎನ್ನುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೆಲಸದವಳು ಮರದಲ್ಲಿ ನೀರ್ ಉಂಟು ಎಂದಾಗ ಚೊಂಬು ಹಿಡಿದು ಹೋಗಿದ್ದೆ! ಇರುವೆ ಇದ್ದ ಮರದಲ್ಲಿ ಟೀ ಸೊಳ್ಳೆ ಚಿಗುರಿಗೆ ಕೂರಲು ಬಿಡುವುದಿಲ್ಲ. ಆದರೆ ಪುಕ್ಕಟೆ ಅಲ್ಲ. ಅದೇ ಇರುವೆ ಹಿಟ್ಟು ತಿಗಣೆಯನ್ನು ಹಟ್ಟಿಯ ದನದ ಹಾಗೆ ಸಾಕುತ್ತದೆ, ಮೀಸೆಯಲ್ಲಿ ತಟ್ಟಿ ಸಿಹಿ ಕುಡಿಯುತ್ತದೆ, ತಿಗಣೆ ತಿನ್ನಲು ಬಂದ ಗುಲಗಂಜಿ ದುಂಬಿಯನ್ನು ಓಡಿಸುತ್ತದೆ. ಬೀಜ ಕೊಯ್ಯಲು ಮರ ಹತ್ತಿದವರನ್ನಂತೂ ಕೇಳುವುದೇ ಬೇಡ. ಶತ್ರುವಾ ಮಿತ್ರನಾ ಎಂದು ಕೇಳಿದರೆ ಯಾರಿಗೆ ಎಂದು ನಾನು ತಿರುಗಿ ಕೇಳುತ್ತೇನೆ.

ಗುಡ್ಡೆಮನೆ

ಹಾಗಾದರೆ ಕಪ್ಪೆ ಮತ್ತು ಸೊಳ್ಳೆ? ಅದಾದರೂ ಸರಿಯಾ? ಕಪ್ಪೆ ಕಾಲು ವಿದೇಶಕ್ಕೆ ಕಳಿಸುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದರು.

ನೇರಮಾತು

ಕಳಿಸುತ್ತಿದ್ದದ್ದು ಹೌದು, 1987ರಲ್ಲಿ ನಿಷೇಧವಾಯಿತು. ಆದರೆ ಡೆಂಗ್ಯೂ ಸೊಳ್ಳೆಗೆ ಕಪ್ಪೆಯ ಮೇಲೆ ಗೂಬೆ ಕೂರಿಸಬೇಡಿ. ಆ ಸೊಳ್ಳೆ ಮದಕದಲ್ಲಿ (ಕೆರೆಯಲ್ಲಿ), ಗದ್ದೆಯಲ್ಲಿ ಮೊಟ್ಟೆ ಇಡುವುದಿಲ್ಲ. ಮದಕದಲ್ಲಿ ಮೀನು, ನೀರು ತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲ ಕಾದು ಕೂತಿರುತ್ತವೆ. ಅದು ಹುಡುಕುವುದು ಯಾರೂ ಇಲ್ಲದ ಚಮಚದಷ್ಟು ನೀರು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರಿನ ಚಿಪ್ಪು, ಒಡೆದ ತೆಂಗಿನ ಗೆರಟೆ. ಹಾಳೆಯ ನೀರಿನಲ್ಲಿ ಮರಿಯನ್ನು ತಿನ್ನುವವರು ಯಾರು? ಅಪರೂಪಕ್ಕೊಂದು ದೊಡ್ಡ ಸೊಳ್ಳೆ ಉಂಟು, ಅದರ ಮರಿ ಬೇರೆ ಸೊಳ್ಳೆಯ ಮರಿಯನ್ನೇ ತಿನ್ನುತ್ತದೆ, ಆ ದೊಡ್ಡದು ನಮ್ಮ ರಕ್ತಕ್ಕೆ ಬರುವುದೂ ಇಲ್ಲ. ಅದನ್ನು ಕಾಯುವುದಕ್ಕಿಂತ ಹಾಳೆ ಮಗುಚಿ ಹಾಕುವುದು ಸುಲಭ.

ಕಂಗಿನಬುಡದವರೇ, ನಿಮಗೆ ಇನ್ನೊಂದು ಕೇಳಬೇಕಿತ್ತು. ನರಿ ಕೂಗು ಕೇಳುತ್ತಿಲ್ಲ ಎಂದಿರಿ. ಮನೆ ಆಗ ಹೇಗಿತ್ತು, ಈಗ ಹೇಗಿದೆ? ಕಿಟಕಿಗೆ ಗ್ಲಾಸು, ಒಳಗೆ ಫ್ಯಾನು, ಟಿವಿ. ಕೇಳುತ್ತಿಲ್ಲ ಎಂದರೆ ಇಲ್ಲ ಎಂದಾಗುವುದಿಲ್ಲ. ಹದಿನೈದು ದಿನ ಹೊರಗೆ ಜಗಲಿಯಲ್ಲಿ ಕೂತು ಬರೆದಿಡಿ, ಆಮೇಲೆ ಮಾತಾಡುವ.

ಕಂಗಿನಬುಡ

ಎರಡು ತಿಂಗಳಾಯಿತು, ಉತ್ತರ ಹಾಕಲು ತಡವಾದದ್ದಕ್ಕೆ ಬೈಯಬೇಡಿ, ಅಡಿಕೆ ಕೊಯ್ಲು ಇತ್ತು.

ಪೆರ್ಲದ ಅಕ್ಕ ಹೇಳಿದ ಹಾಗೆ ಗರಿ ಮಗುಚಿದೆ. ಮಗಳ ಶಾಲೆಯ ಭೂತಗನ್ನಡಿ ಹಿಡಿದು ಜಗಲಿಯಲ್ಲಿ ಕೂತರೆ ಅವಳು ನನ್ನ ಹೆಗಲಿಗೆ ಜೋತುಬಿದ್ದು ನನಗಿಂತ ಬೇಗ ಲೆಕ್ಕ ಮಾಡುತ್ತಾಳೆ. ಮೊದಲ ಸಲ ನಮ್ಮ ಮರದಲ್ಲಿ ಐವತ್ತರಲ್ಲಿ ನಾಲ್ಕು ಕಪ್ಪು. ನೆರೆಮನೆ ಅಣ್ಣನ ಮರದಲ್ಲಿ ಐವತ್ತರಲ್ಲಿ ಇಪ್ಪತ್ತೆಂಟು. ಹೊಟ್ಟೆಕಿಚ್ಚು ಬಿಟ್ಟು ಅವರ ಹತ್ತಿರ ಕೇಳಿ, ಕಪ್ಪು ಮರಿ ಹೆಚ್ಚಿದ್ದ ಗರಿಗಳನ್ನು ತಂದು ನಮ್ಮ ಸಸಿಗಳಿಗೆ ಕಟ್ಟಿದೆ. ಕಟ್ಟುವಾಗ ಅವರು ಸುಮ್ನೆ ನಿಂತು ನೋಡುತ್ತಿದ್ದರು, ನಾನು ಅವರ ತೋಟದಿಂದ ರೋಗ ಕದಿಯುತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿದ್ದಾರೆ. ಕಳೆದ ವಾರ ನಮ್ಮದರಲ್ಲಿ ಐವತ್ತಕ್ಕೆ ಹದಿನೇಳು. ಮಸಿ ಇನ್ನೂ ಉಂಟು, ಹೊಸ ಮಡಲು ಮಾತ್ರ ಹಸಿರಾಗಿ ಬರುತ್ತಿದೆ. ಕಟ್ಟಿದ್ದರಿಂದ ಆಯಿತಾ, ಮದ್ದು ನಿಲ್ಲಿಸಿದ್ದರಿಂದ ಆಯಿತಾ, ನಡುವೆ ಬಂದ ಮಳೆಯಿಂದ ಆಯಿತಾ, ಹೇಳಲು ಬರುವುದಿಲ್ಲ.

ನರಿ ವಿಷಯದಲ್ಲಿ ನೇರಮಾತಿನವರ ಮುಂದೆ ಸ್ವಲ್ಪ ತಲೆ ತಗ್ಗಿಸಬೇಕಾಗಿದೆ. ಹದಿನೈದು ರಾತ್ರಿ ಹೊರಗೆ ಕೂತೆ. ಐದು ರಾತ್ರಿ ಕೇಳಿತು. ಮೊದಲಿನ ಹಾಗೆ ಗುಡ್ಡೆಯಿಂದ ಗುಡ್ಡೆಗೆ ದಾಟುವುದಿಲ್ಲ, ಒಂದೇ ಕಡೆಯಿಂದ, ಎರಡೋ ಮೂರೋ ಗಂಟಲು, ಅಷ್ಟರಲ್ಲಿ ಊರಿನ ನಾಯಿಗಳೆಲ್ಲ ಸೇರಿ ಬೊಗಳಿ ಮುಚ್ಚಿಬಿಡುತ್ತವೆ. ಕೂಗು ಬರುವ ದಿಕ್ಕು ನಮ್ಮ ಹಡಿಲು ಗದ್ದೆ. ಹಂದಿ ಮಲಗುತ್ತದೆ ಎಂದು ನಾನು ಹುಲ್ಲು ಕಡಿಸಬೇಕೆಂದಿದ್ದ ಜಾಗವೇ ಅದು. ಈಗ ಕಡಿಸುವುದಾ ಬಿಡುವುದಾ ಎಂದು ಗೊತ್ತಾಗುತ್ತಿಲ್ಲ, ಹೆಂಡತಿ ಅರ್ಧ ಕಡಿಸಿ ಎನ್ನುತ್ತಾಳೆ.

ನವಿಲು ಹಾಗೇ ಉಂಟು. ಅಲಸಂಡೆ ಮೂರನೇ ಸಲ ಬಿತ್ತಿದ್ದೇನೆ. ಕುಂಬಳೆ, ಮಂಜೇಶ್ವರ ಕಡಪ್ಪುರದವರು (ಕಡಲ ದಡದವರು) ಯಾರಾದರೂ ಇದ್ದರೆ ಹರಿದ ಹಳೆ ಮೀನಿನ ಬಲೆ ಕೊಡುವಿರಾ? ಸುತ್ತ ಕಟ್ಟಲು ಇಪ್ಪತ್ತು ಮಾರಿನಷ್ಟು ಸಾಕು, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.